ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು?

‘ಅವ್ವಗ ಏನೂ ಹೇಳಬ್ಯಾಡ್ರಿ ಸಾಹೇಬ್ರ, ನಮ್ಗಷ್ಟ ಹೇಳ್ರಿ.’ ಬಯಾಪ್ಸಿ ವರದಿ ಬಂದ ದಿನ ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಮಗ ಒಬ್ಬನೇ ಒಳಬಂದು ಆಡುವ ಈ ಮಾತು ನಮ್ಮ ಕ್ಯಾನ್ಸರ್ ವೈದ್ಯರಿಗೆ ಹೊಸದಲ್ಲ.

ಇದನ್ನು ಹಿಂದುಳಿದವರ ಪದ್ಧತಿ ಎಂದು ಮೂಗು ಮುರಿಯುವವರು ಅಮೆರಿಕದ ಕಡೆ ನೋಡಬೇಕು. 1961ರಲ್ಲಿ ಷಿಕಾಗೊದ ವೈದ್ಯರನ್ನು ಕೇಳಿದಾಗ ಶೇ 90ರಷ್ಟು ಮಂದಿ ರೋಗಿಗೆ ಕ್ಯಾನ್ಸರ್ ಎಂದು ಹೇಳದಿರುವುದೇ ಲೇಸು ಎಂದಿದ್ದರು. 1979ರ ಸಮೀಕ್ಷೆಯಲ್ಲಿ ಶೇ 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟೇ ವರ್ಷದಲ್ಲಿ ಲೆಕ್ಕ ತಿರುಗಿಬಿತ್ತು!

ಹಾಗೆಂದು ಎಲ್ಲರಿಗೂ ಎಲ್ಲವನ್ನೂ ಹೇಳಿಬಿಡುವುದೂ ಉತ್ತರವಲ್ಲ. ಲಾಸ್ ಏಂಜಲೀಸ್‌ನ ವೃದ್ಧರ ನಡುವೆ ನಡೆದು 1995ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರಡಿದ ಕ್ಯಾನ್ಸರಿನ ಸುದ್ದಿಯನ್ನು ರೋಗಿಗೆ ತಿಳಿಸಬೇಕು ಎಂದವರು ಯುರೋಪ್ ಮೂಲದವರಲ್ಲಿ ಶೇ 87, ಕೊರಿಯಾ ಮೂಲದವರಲ್ಲಿ ಶೇ 47. ಈ ಎರಡನೆಯ ಅಂಕಿಯನ್ನೇ ಸಂಸ್ಕೃತಿಯ ಹೆಸರಿನಲ್ಲಿ ಮರೆಮಾಚುವುದಕ್ಕೆ ಪುರಾವೆಯಾಗಿ ಎತ್ತಿ ತೋರಿಸುವುದುಂಟು. ಆದರೆ ಕೊರಿಯಾದವರಲ್ಲೂ ಹೆಚ್ಚುಕಡಿಮೆ ಅರ್ಧದಷ್ಟು ಜನ ತಿಳಿಸಬೇಕು ಎಂದೇ ಹೇಳಿದ್ದಾರಲ್ಲ? ಊರು, ಜಾತಿ, ಮತ ನೋಡಿ ಎದುರಿಗಿರುವವರ ಇಚ್ಛೆಯನ್ನು ಊಹಿಸಲಾಗದು. ಅವರನ್ನೇ ಕೇಳಬೇಕು.

2000ದಲ್ಲಿ ಪ್ರಕಟವಾದ, ಕೆಟ್ಟ ಸುದ್ದಿ ತಿಳಿಸುವ ‘ಸ್ಪೈಕ್ಸ್’ ಎಂಬ ಆರು ಹಂತಗಳ ಕ್ರಮದಲ್ಲಿ ಮೂರನೆಯದು ಇದೇ. ‘ವರದಿಯಲ್ಲಿ ಇರೋದನ್ನೆಲ್ಲ ನಿಮಗೇ ಹೇಳಲೇನಮ್ಮಾ, ಮಗನ ಹತ್ತಿರ ಮಾತಾಡಲೇ?’ ತಾಯಿ ‘ಅವ್ನಿಗೇ ಹೇಳಪ್ಪ’ ಎಂದರೆ ಅದು ಆಕೆಯ ತೀರ್ಮಾನ, ಅಲ್ಲಿ ಮೋಸವಿಲ್ಲ. ಕೇಳದೆಯೇ ಮಗ ತೀರ್ಮಾನಿಸಿದರೆ ಮಾತು ಬೇರೆ. ರೋಗಿ ವಯಸ್ಕಳಾಗಿದ್ದು, ಅರಿವಳಿಕೆ ಇಳಿದ ಮೇಲೆ ಆಕೆಯನ್ನೇ ಕೇಳಲು ಸಾಧ್ಯವಿದ್ದಾಗ, ತುರ್ತಿಲ್ಲದ ಶಸ್ತ್ರಚಿಕಿತ್ಸೆಗೆ ಆಕೆಯ ತಾಯಿ ಕೊಟ್ಟ ಒಪ್ಪಿಗೆ ಸಲ್ಲದು ಎಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಅಷ್ಟಕ್ಕೂ ಗುಟ್ಟು ನಿಲ್ಲುವುದೆಲ್ಲಿ? ಕೀಮೋಗೆ ಕೂದಲು ಉದುರುತ್ತದೆ, ಪಕ್ಕದ ಹಾಸಿಗೆಯವರು ‘ನಿಮಗೆ ಎಲ್ಲಿ ಆಗಿರೋದು?’ ಎನ್ನುತ್ತಾರೆ. ತಾಯಿಗೆ ಗೊತ್ತಾಗಿರುತ್ತದೆ, ಮಗ ನೊಂದಾನೆಂದು ಆಕೆಯೂ ಸುಮ್ಮನಿರುತ್ತಾಳೆ. ಹೊಲ ಮಾರಬೇಡ ಎನ್ನುವ ಮಾತು ಬಾಯಲ್ಲೇ ಉಳಿಯುತ್ತದೆ.

ಕೇಳದಿದ್ದರೂ ಹೇಳಲೇಬೇಕಾದ ಸಂಗತಿಗಳೂ ಇವೆ. ವಿಕಿರಣ ಚಿಕಿತ್ಸೆಗೆ ಜನ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಹೆಸರು ಕೇಳಿಯೇ ಶಾಕ್ ಹೊಡೆಯುತ್ತದೆಂದು ಹೆದರುವವರಿದ್ದಾರೆ. ಮನೆಯಲ್ಲಿ ತಟ್ಟೆ, ಲೋಟ ಬೇರೆಯಾಗಿರುತ್ತವೆ. ಜೊತೆಗೆ ಉಂಡರೆ ಕ್ಯಾನ್ಸರ್ ಅಂಟದು ಎಂಬುದನ್ನು ಸೊಸೆಯ ಮುಂದೆಯೇ ಹೇಳಿದರೆ ಒಳ್ಳೆಯದು.

ಒಪಿಡಿಯ ಸಾಲಿನಲ್ಲಿ ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ವೈದ್ಯರ ತಕರಾರು ಸುಳ್ಳಲ್ಲ. ಪ್ರಶ್ನೆಗೆ ಅರ್ಧ ನಿಮಿಷ ಸಾಕು, ಉತ್ತರಕ್ಕೆ ಸಾಲದು. ಮುಂದಿನ ಮಾತನ್ನು ರೋಗಿಯ ನುಡಿ ಬಲ್ಲ ನರ್ಸ್ ಅಥವಾ ಸಮಾಜ ಕಾರ್ಯಕರ್ತೆ ವಹಿಸಿಕೊಳ್ಳಬಹುದು. ಆ ಹುದ್ದೆಗಳನ್ನು ತುಂಬಬೇಕಾದದ್ದು ಆಸ್ಪತ್ರೆ.