ನಿದ್ದೆಗೆಟ್ಟ ಓದು

ಪರೀಕ್ಷೆಯ ಕಾಲವು ಸಮೀಪಿಸಿದೊಡನೆ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಮನೆಗಳಲ್ಲಿ ನಡುರಾತ್ರಿ ಮೀರಿದರೂ ದೀಪವು ಉರಿಯುತ್ತಿರುವುದನ್ನು ನಾವು ಕಾಣುತ್ತೇವೆ. ಸಂಜೆಯೆಲ್ಲ ಅಡಿಗೆಮನೆಯಲ್ಲಿ ತಾಯಿಗೆ ನೆರವಾದ ಹುಡುಗಿಯು ಆಮೇಲೆ ನಿದ್ದೆಗೆಟ್ಟು ಪಾಠವನ್ನು ಉರುಹೊಡೆಯುವಳು. ಹಿರಿಯರು ಇದನ್ನು ಶ್ರದ್ಧೆಯೆಂದು ಕೊಂಡಾಡುವರು. ಶ್ರದ್ಧೆಯೇನೋ ಅಹುದು, ಆದರೆ ಇದರಿಂದ ವಿದ್ಯೆಗೆ ಲಾಭಕ್ಕಿಂತ ನಷ್ಟವೇ ಹೆಚ್ಚೆಂದು ನಮ್ಮ ಅಭಿಪ್ರಾಯ.

ನಮ್ಮ ನಗರದ ನಿಮ್ಹಾನ್ಸ್ ಸಂಸ್ಥೆಯ ಸಂಗ್ರಹಾಲಯದಲ್ಲಿ ಮನುಷ್ಯನ ಮಿದುಳನ್ನು ನೋಡಬಹುದು. ಎರಡು ಅಂಗೈಗಳಲ್ಲಿ ಹಿಡಿಸುವ ಆ ಅಂಗದಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಕೋಶದಿಂದ ಮತ್ತೊಂದಕ್ಕೆ ಸುದ್ದಿಯು ದಾಟುವ ಸಂಧಿಗೆ ಸಿನಾಪ್ಸ್ ಎಂದು ಹೆಸರು. ನಾವು ಕಲಿತಂತೆಲ್ಲ ಕೆಲವು ಸಂಧಿಗಳು ಬಲಗೊಳ್ಳುವುವು, ಕೆಲವು ಸಡಿಲವಾಗುವುವು. ಸುದ್ದಿಯನ್ನು ದಾಟಿಸುವ ರಸಗಳಲ್ಲಿ ಅಸಿಟೈಲ್‌ಕೋಲೀನ್ ಎಂಬುದೊಂದು. 1921ರಲ್ಲಿ ಆಟೋ ಲೋವಿಯವರು ಕಪ್ಪೆಯ ಹೃದಯದಲ್ಲಿ ಇದರ ಕಾರ್ಯವನ್ನು ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಹುಮಾನವು ದೊರೆಯಿತು.

ಎಚ್ಚರದಿಂದ ಮನಸ್ಸಿಟ್ಟು ಆಲಿಸುವಾಗ ಈ ರಸವು ಮಿದುಳಿನಲ್ಲಿ ಹೆಚ್ಚಾಗಿ ಸ್ರವಿಸಿ, ಹೊಸ ಪಾಠವು ಸಂಧಿಗಳಲ್ಲಿ ಅಚ್ಚೊತ್ತಲು ನೆರವಾಗುವುದು. ಬೇಲಿಯ ಬದಿಯ ದತ್ತೂರಿಯ ವಿಷವು ಈ ರಸದ ಕಾರ್ಯವನ್ನು ತಡೆಯುವುದರಿಂದಲೇ ಅದನ್ನು ತಿಂದವರು ನೆನಪುಗೆಟ್ಟು ಭ್ರಮಿಸುವರು.

ಗಾಢನಿದ್ರೆಯಲ್ಲಾದರೋ ಇದೇ ರಸವು ತಾನಾಗಿ ಇಳಿಯುವುದು. ಇದನ್ನು ಕೊರತೆಯೆಂದು ಎಣಿಸಲಾಗದು. 2004ರಲ್ಲಿ ಜರ್ಮನಿಯ ವಿಜ್ಞಾನಿಗಳು ಮಲಗಿದವರಿಗೆ ಔಷಧವನ್ನಿತ್ತು ಈ ರಸವನ್ನು ಇಳಿಯಗೊಡದೆ ಪರೀಕ್ಷಿಸಿದರು. ಮಲಗುವ ಮುನ್ನ ಕಲಿತ ಪದಗಳು ಅವರ ನೆನಪಿನಲ್ಲಿ ಸರಿಯಾಗಿ ನೆಲೆಗೊಳ್ಳಲಿಲ್ಲ. ಹಗಲಿನ ಗಮನವು ಬಿತ್ತಿದುದನ್ನು ರಾತ್ರಿಯ ನಿದ್ರೆಯು ಬೇರೂರಿಸುವುದೆಂದು ಇದರಿಂದ ತಿಳಿಯಬಹುದು.

ಆದುದರಿಂದ ತಾಯಂದಿರಲ್ಲಿ ನಮ್ಮದೊಂದು ಬಿನ್ನಹ. ಸಂಜೆಯ ಮನೆಗೆಲಸದಲ್ಲಿ ಒಂದು ಪಾಲನ್ನು ಗಂಡುಮಕ್ಕಳಿಗೂ ಹಂಚಿರಿ. ಆಗ ನಿಮ್ಮ ಮಗಳು ಹೊತ್ತಿಗೆ ಓದಿ ಹೊತ್ತಿಗೆ ಮಲಗುವಳು. ಉಪಾಧ್ಯಾಯಿನಿಯರಾದ ನಾವೂ ರಾತ್ರಿಯೆಲ್ಲ ಬರೆದರೂ ಮುಗಿಯದಷ್ಟು ಮನೆಪಾಠವನ್ನು ಕೊಡುವ ಅಭ್ಯಾಸವನ್ನು ಬಿಡಬೇಕು. ವಿದ್ಯಾರ್ಥಿನಿಯರೇ, ತರಗತಿಯಲ್ಲಿ ಎಚ್ಚರವಾಗಿರಿ, ರಾತ್ರಿ ನಿಶ್ಚಿಂತೆಯಿಂದ ಮಲಗಿರಿ. ನಿದ್ರೆಯು ದೇವರು ದಯಪಾಲಿಸಿದ ವರ. ಅದನ್ನು ಕಳೆದುಕೊಂಡು ಗಳಿಸಿದ ಪಾಠವು ಬಹುಕಾಲ ನಿಲ್ಲದು.