ಕಟ್ಟೋದೋ, ಕೊಳ್ಳೋದೋ? ಮೊದಲು ಹೊಲದ ಕಡೆ ನೋಡ್ರಿ

ನಮ್ಮದು ಹುನಗುಂದ ತಾಲೂಕಿನ ಒಣಬೇಸಾಯದ ಹಳ್ಳಿ. ಒಂಬತ್ತು ಎಕರೆ ಎರಿ ಹೊಲ. ಹಿಂಗಾರಿ ಬಿಳಿಜೋಳ, ಕಡಲಿ, ನಡುವೆ ಅಕ್ಕಡಿ ಕುಸುಬಿ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಕಣ ಖಾಲಿ. ಇಂಥ ರೈತ ಮನೆ ವಿಷಯದಾಗ ಹೇಗೆ ವಿಚಾರ ಮಾಡಬೇಕು ಅನ್ನೋದನ್ನ ನನ್ನ ಅನುಭವದ ಮೇಲೆ ಬರೀತೀನಿ. ಓದಿದ್ದು ಏಳನೇ ಇಯತ್ತೆ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

2022ರಲ್ಲಿ ಹಿರಿಯ ಮಗನ ಮದುವೆ ಮಾತು ಬಂತು. ಕನ್ಯಾ ಕೊಡೋರು ಬಂದು ಹೊಲ ಕೇಳಲಿಲ್ಲ, ಎತ್ತು ಕೇಳಲಿಲ್ಲ, "ಸ್ಲ್ಯಾಬ್ ಮನಿ ಐತೇನ್ರಿ?" ಅಂದರು. ನಮ್ಮದು ಅಣ್ಣತಮ್ಮಂದಿರು ಪಾಲಾದ ಮೇಲೆ ಉಳಿದ ಎರಡು ಅಂಕಣದ ಮಣ್ಣಿನ ಮಾಳಿಗಿ. ಹೊಸದು ಕಟ್ಟೋಣ ಅಂತ ಮಗ ಹಟ ಹಿಡಿದ. ಗೌಂಡಿ ಲೆಕ್ಕ ಹಾಕಿ 14 ಲಕ್ಷ ಹೇಳಿದ. ನನ್ನ ಕೈಯಾಗ ಇದ್ದದ್ದು 5 ಲಕ್ಷ. ಉಳಿದದ್ದಕ್ಕೆ ಎರಡು ಎಕರೆ ಮಾರಬೇಕು, ಇಲ್ಲಾ ಸಾಲ ಮಾಡಬೇಕು.

ಅದೇ ಹೊತ್ತಿಗೆ ಎರಡು ಓಣಿ ಆಚೆ ಒಂದು ಹಳೇ ಮನೆ ಮಾರಾಟಕ್ಕೆ ಬಂತು. ಮಾಲಕರ ಮಕ್ಕಳು ನೌಕರಿ ಮೇಲೆ ಊರು ಬಿಟ್ಟವರು, ಆರು ವರ್ಷದಿಂದ ಬೀಗ. ಕಲ್ಲಿನ ಗೋಡೆ, ಬೇವಿನ ತೊಲೆ, ದೊಡ್ಡ ಪಡಸಾಲಿ, ಒಳಗೇ ದನ ಕಟ್ಟಲಿಕ್ಕೆ ಗ್ವಾದಲಿ. 4.5 ಲಕ್ಷಕ್ಕೆ ಮಾತು ಮುಗೀತು, ದುರಸ್ತಿಗೆ 1.75 ಲಕ್ಷ ಹೋಯ್ತು. ಕಡಿಮೆ ಬಿದ್ದದ್ದನ್ನು ಕಡಲಿ ಮಾರಿ ಹೊಂದಿಸಿದೆ. ಹೊಲ ಒಂಬತ್ತು ಎಕರೆ ಒಂಬತ್ತೇ ಉಳೀತು. ಆದರೆ ಆ ಸಂಬಂಧ ತಪ್ಪಿತು, ಅದನ್ನ ಮುಚ್ಚಿಡೋದಿಲ್ಲ. ಮಗ ನಾಲ್ಕು ತಿಂಗಳು ನನ್ನ ಕೂಡ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ ಬಾದಾಮಿ ಕಡೆಯಿಂದ ಸೊಸೆ ಬಂದಳು.

ನನ್ನ ಮಾತು ಇಷ್ಟು: ಮಳೆ ನಂಬಿದ ಸಣ್ಣ ರೈತನಿಗೆ ಊರಾಗ ಗಟ್ಟಿ ಹಳೇ ಮನೆ ಸಿಕ್ಕರೆ, ಹೊಲ ಮಾರಿ ಹೊಸದು ಕಟ್ಟೋದಕ್ಕಿಂತ ಅದನ್ನ ಕೊಂಡು ದುರಸ್ತಿ ಮಾಡೋದು ಲೇಸು. ಮನೆ ಕಟ್ಟಿ ನೋಡು ಅಂತ ಹಿರಿಯರು ಹೇಳಿದ್ದು ಸುಮ್ಮನೆ ಅಲ್ಲ. ಪಾಯಾ ತೋಡಿದ ದಿನದ ಲೆಕ್ಕ ಸ್ಲ್ಯಾಬ್ ಹಾಕೋ ದಿನ ಇರೋದಿಲ್ಲ. ಸಿಮೆಂಟು, ಸರಳು, ಉಸುಕು ಎಲ್ಲದರ ರೇಟು ನಡುವೆ ಏರ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಮಳೆಗೆ ಸರಳು ತುಕ್ಕು ಹಿಡೀತದೆ, ಮುಂದುವರಿಸಿದರೆ ಬಡ್ಡಿ ಬೆಳೀತದೆ. ಕುಡಿಯೋ ನೀರಿಗೇ ಪಾಳಿ ಹಚ್ಚೋ ಬೇಸಿಗೆಯಲ್ಲಿ ಸ್ಲ್ಯಾಬಿಗೆ ನಿತ್ಯ ನೀರು ಎಲ್ಲಿಂದ ತರೋದು? ಹಳೇ ಮನೆಯ ಬೆಲೆ ಒಂದೇ ಸಲ ಗೊತ್ತಾಗ್ತದೆ. ಬ್ಯಾಡಂದ್ರೆ ಬಿಟ್ಟು ಬರಬಹುದು.

ಇನ್ನೊಂದು, ನಮ್ಮ ಎರಿ ಭೂಮಿ. ಬೇಸಿಗೆಗೆ ಬಿರಿಯೋದು, ಮಳೆಗೆ ಉಬ್ಬೋದು ಅದರ ಗುಣ. ಪಾಯಾ ಗರಸಿನ ತನಕ ಇಳಿಯಲೇಬೇಕು. ಹಾಗೆ ಇಳಿಸಿದರೆ ಖರ್ಚಿನ ದೊಡ್ಡ ಪಾಲು ಮಣ್ಣೊಳಗೇ ಹೋಗ್ತದೆ, ಇಳಿಸದಿದ್ದರೆ ಗೋಡೆ ಬಿರುಕು ಬಿಡ್ತದೆ. ಐವತ್ತು ಮಳೆಗಾಲ ಕಂಡು ನೆಟ್ಟಗೆ ನಿಂತ ಗೋಡೆ ತನ್ನ ಪರೀಕ್ಷೆ ತಾನೇ ಮುಗಿಸಿರ್ತದೆ. ದಪ್ಪ ಗೋಡೆ, ಮಣ್ಣಿನ ಮಾಳಿಗೆಯ ತಂಪು ಬೇರೆ. ಏಪ್ರಿಲ್ ಮಧ್ಯಾಹ್ನ ಸ್ಲ್ಯಾಬ್ ಮನೆಯವರೇ ನಮ್ಮ ಪಡಸಾಲಿಗೆ ಬಂದು ಅಡ್ಡ ಆಗ್ತಾರೆ.

ಹಳೇದು ಅಂದರೆ ಕೀಳು ಅನ್ನೋ ಭಾವನೆ ಯಾವಾಗ ಬಂತೋ! ನಮ್ಮ ತಾಲೂಕಿನ ಐಹೊಳೆಯ ಲಾಡಖಾನ ಗುಡಿಗೆ ಆ ಹೆಸರು ಬಂದದ್ದೇ ಅದರೊಳಗೆ ಒಬ್ಬರು ವಾಸ ಮಾಡಿದ್ದರಿಂದ. ಚಾಲುಕ್ಯರ ಕಾಲದ ಕಲ್ಲು ಮನೆಯಾಗಿ ಬಾಳಿತು.

ಹಾಗಂತ ಕಣ್ಣು ಮುಚ್ಚಿ ಕೊಳ್ಳಬೇಡ್ರಿ. 2009ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಮೊದಲ ತನಕ ಹಿಡಿದ ಮಳೆಗೆ ಎಷ್ಟೋ ಮಣ್ಣಿನ ಮನೆಗಳು ಕುಸಿದವು. ನಮ್ಮೂರಾಗ ನಾನು ನೋಡಿದಂಗೆ, ಮಾಳಿಗೆ ನೀರು ಗೋಡೆಯೊಳಗೆ ಇಳಿದ ಮನೆಗಳು ಬಿದ್ದವು, ಬುಡದಲ್ಲಿ ಕಲ್ಲಿದ್ದು ಮಾಳಿಗೆಗೆ ವರ್ಷಾ ಮಣ್ಣು ಹಾಕಿದವು ನಿಂತವು. ಆದ್ದರಿಂದ ಮನೆಯನ್ನು ಮಳೆಗಾಲದಲ್ಲಿ ನೋಡ್ರಿ. ತೊಲೆಯ ತುದಿ ಗೋಡೆಯೊಳಗೆ ಸೇರೋ ಜಾಗಕ್ಕೆ ದಬ್ಬಣ ಚುಚ್ಚಿ ನೋಡ್ರಿ, ಮೆತ್ತಗಾದರೆ ಗೆದ್ದಲು ತಿಂದದೆ ಅಂತ. ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಕಂಡರೆ ಪಾಯಾ ಕುಂತದೆ ಅಂತ ತಿಳಿರಿ. ಮಲಪ್ರಭೆಯ ದಂಡೆಗೆ ಹತ್ತಿದ ಮನೆ ಎಷ್ಟು ಅಗ್ಗ ಬಂದರೂ ಬ್ಯಾಡ. 2009ರಲ್ಲಿ ಹೊಕ್ಕ ನೀರು 2019ರ ಆಗಸ್ಟಿನಲ್ಲಿ ಮತ್ತೆ ಹೊಕ್ಕಿತು.

ಬಾಗಲಕೋಟೆ ಕಡೆಯವರು ಇನ್ನೊಂದು ಲೆಕ್ಕ ಹಾಕಬೇಕು. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆ ಮುಳುಗಿ ನವನಗರ ಎದ್ದಾಗ ಜನಕ್ಕೆ ಕಟ್ಟೋದೋ ಕೊಳ್ಳೋದೋ ಅಂತ ಸಾವಕಾಶ ವಿಚಾರ ಮಾಡೋ ಭಾಗ್ಯ ಇರಲಿಲ್ಲ. ನಮ್ಮ ಹಳೇ ಮನೆಯ ತಲಬಾಗಿಲು ಮುಳುಗಡೆ ಊರಿಂದ ಅಪ್ಪ ಚಕ್ಕಡಿಯಲ್ಲಿ ಹೇರಿಕೊಂಡು ಬಂದದ್ದು. ಮಾರಿದವರು ಅದನ್ನ ಮುಟ್ಟಿ ಮುಟ್ಟಿ ನೋಡಿದರಂತೆ. ಈಗ ನೀರು ನಿಲ್ಲೋ ಮಟ್ಟ 519.60 ಮೀಟರ್. 524.256 ಮೀಟರಿಗೆ ಏರಿಸಲು 2010ರಲ್ಲೇ ಕೃಷ್ಣಾ ನ್ಯಾಯಾಧಿಕರಣದ ತೀರ್ಪು ಆಗಿದೆ. ಹಿನ್ನೀರಿನ ಹತ್ತಿರದವರು ಕಟ್ಟಲಿ, ಕೊಳ್ಳಲಿ, ಮುಳುಗಡೆ ಗೆರೆ ಎಲ್ಲಿ ಬರ್ತದೆ ಅಂತ ಮೊದಲು ಕೇಳಿಕೊಳ್ಳಬೇಕು.

ನಾನು ಎಡವಿದ್ದು ಕಾಗದಪತ್ರದಲ್ಲಿ. ಇಬ್ಬರು ಅಣ್ಣತಮ್ಮಂದಿರ ಸಹಿ ತಗೊಂಡೆ, ಕೊಟ್ಟ ಮನೆಯಲ್ಲಿದ್ದ ಅಕ್ಕನ ಸಹಿ ಬಿಟ್ಟೆ. ಅದು ಅವರ ತಂದೆಯ ಕಾಲದ ಮನೆ. 2005ರ ತಿದ್ದುಪಡಿಯ ಪ್ರಕಾರ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಎಂಟು ತಿಂಗಳ ಮೇಲೆ ಆ ತಾಯಿ ಬಂದು, "ನನ್ನನ್ನ ಒಂದು ಮಾತು ಕೇಳಲಿಲ್ಲಲ್ರೀ" ಅಂದಾಗ ನಾನು ತಲೆ ಎತ್ತಲಿಲ್ಲ. ಹಿರಿಯರು ಕೂತು ತೀರಿಸಿದರು, 40 ಸಾವಿರ ಮತ್ತೆ ಕೊಟ್ಟು ಸಹಿ ಮಾಡಿಸಿಕೊಂಡೆ. ನೀವು ಮೊದಲೇ ವಂಶಾವಳಿ ನೋಡ್ರಿ, ಸಬ್ ರಜಿಸ್ಟ್ರಾರ್ ಕಚೇರಿಯಲ್ಲಿ ಋಣಭಾರ ಪತ್ರ ತೆಗೆಸ್ರಿ, ಪಂಚಾಯಿತಿಯ ಇ-ಸ್ವತ್ತು ಉತಾರದಲ್ಲಿ ಅಳತೆ, ಚಕ್ಕಬಂದಿ ತಾಳೆ ಹಾಕ್ರಿ. ಬಾಂಡ್ ಪೇಪರ್ ಮೇಲೆ ಬರೆದು ರೊಕ್ಕ ಎಣಿಸಿಬಿಡಬೇಡ್ರಿ.

ಸರಕಾರಕ್ಕೂ ಒಂದು ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯಲ್ಲಿ ನಮ್ಮಂಥ ಬಯಲುಸೀಮೆಗೆ 1.20 ಲಕ್ಷ ಕೊಡೋದು ಹೊಸ ಪಕ್ಕಾ ಮನೆ ಕಟ್ಟಲಿಕ್ಕೆ. ಗಟ್ಟಿ ಕಲ್ಲಿನ ಗೋಡೆ ಇದ್ದವನೂ ಆ ಆಸೆಗೆ ಅದನ್ನ ಕೆಡವಿ, ಸಾಲದ ರೊಕ್ಕ ಕೂಡಿಸಿ, ಸಣ್ಣ ಡಬ್ಬಿಯಂಥ ಮನೆ ಕಟ್ಟೋದನ್ನ ನೋಡಿದ್ದೀನಿ. ಎತ್ತು ಕಟ್ಟಲಿಕ್ಕೆ ಜಾಗಿಲ್ಲ ಅಂತ ಎತ್ತು ಮಾರಿದ್ದನ್ನೂ ನೋಡಿದ್ದೀನಿ. ಹಳೇದನ್ನ ಕೊಂಡು ದುರಸ್ತಿ ಮಾಡೋನಿಗೂ ಅಷ್ಟೇ ನೆರವು ಕೊಟ್ಟರೆ ಬೀಗ ಬಿದ್ದ ಎಷ್ಟೋ ಮನೆಗಳಲ್ಲಿ ಮತ್ತೆ ದೀಪ ಹತ್ತೀತು.

ಎಲ್ಲರೂ ಕೊಳ್ಳಲೇಬೇಕು ಅಂತಿಲ್ಲ. ಸಾಲಿಲ್ಲದೆ ಕಟ್ಟೋ ಶಕ್ತಿ ಇದ್ದವರು ಕಟ್ಟಲಿ. ಊರಾಗ ಗಟ್ಟಿ ಮನೆ ಸಿಗದವರು ಏನು ಮಾಡ್ಯಾರು, ಕಟ್ಟಲೇಬೇಕು. ಆದರೆ ಒಡ್ಡು ಹಾಕಿ, ಗುಂಡಾವರ್ತಿ ಕಟ್ಟಿ ಹಿರಿಯರು ಉಳಿಸಿಕೊಟ್ಟ ಮಣ್ಣನ್ನ ಸ್ಲ್ಯಾಬಿನ ಸಲುವಾಗಿ ಮಾರಬೇಡ್ರಿ. ಮನೆ ಹೊಟ್ಟೆ ತುಂಬಿಸೋದಿಲ್ಲ.

ಹೋದ ಬೇಸಿಗೆಯಲ್ಲಿ ಮಗ ಪಡಸಾಲಿಯಲ್ಲಿ ಕೂಸನ್ನ ತೊಟ್ಟಿಲಿಗೆ ಹಾಕಿ ತೂಗುತ್ತಾ, "ಯಪ್ಪಾ, ಈ ವರ್ಷ ಮಾಳಿಗಿಗೆ ಮಣ್ಣು ಯಾವಾಗ ಹಾಕೋದು?" ಅಂತ ಕೇಳಿದ. ನನಗೆ ಅಷ್ಟು ಸಾಕು. ನಿಮ್ಮ ಕಡೆ ಲೆಕ್ಕ ಬೇರೆ ಇದ್ದರೆ ಬರೀರಿ, ನಾಲ್ಕು ಜನಕ್ಕೆ ಉಪಯೋಗ ಆದೀತು.