ಪಂದ್ಯಾಟದ ಜೊತೆಗೆ ಲೀಗೂ ಇರಲಿ



ಅಡಿಕೆ ಕೊಯ್ಲು ಮುಗಿಯುವ ಹೊತ್ತಿಗೆ ಕುಂದಾಪುರ, ಬೈಂದೂರು, ಬ್ರಹ್ಮಾವರದ ಮೈದಾನಗಳಲ್ಲಿ ಟೆನಿಸ್ ಚೆಂಡಿನ ಕ್ರಿಕೆಟ್ ಪಂದ್ಯಾಟಗಳ ಗದ್ದಲ. ಸಂತೋಷ. ಆದರೆ ನಲವತ್ತು ದಾಟಿದ ಕೃಷಿಕನಿಗೆ ಅಲ್ಲಿ ಉಳಿದಿರುವುದು ಎರಡೇ ಕೆಲಸ: ಚಂದಾ ಕೊಡುವುದು, ಚಪ್ಪಾಳೆ ತಟ್ಟುವುದು.

ತೊಡಕು ಏರ್ಪಾಟಿನಲ್ಲಿದೆ. ಸೋತವರು ಹೊರಬೀಳುವ ಪಂದ್ಯಾಟಕ್ಕೆ 16 ತಂಡ ಬಂದರೆ ಒಟ್ಟು 15 ಆಟ. 8 ತಂಡಗಳು ಒಂದೇ ಆಟವಾಡಿ ಮನೆಗೆ. ಅದೇ 15 ಆಟಗಳನ್ನು 6 ತಂಡಗಳ ಲೀಗ್ ಮಾಡಿ, ಭಾನುವಾರಕ್ಕೆ 3ರಂತೆ ಆಡಿಸಿದರೆ, ಸೋಲಲಿ ಗೆಲ್ಲಲಿ, ಪ್ರತಿ ತಂಡಕ್ಕೂ 5 ವಾರ ಆಟ.

ಅಮೆರಿಕದಲ್ಲಿ ದುಡಿಯುವ ಜನ ಬಿಡುವಿನಲ್ಲಿ ಆಡುವ ಸಾಫ್ಟ್‌ಬಾಲ್ ಲೀಗ್‌ಗಳು ನಡೆಯುವುದು ಹೀಗೆಯೇ. 1887ರಲ್ಲಿ ಶಿಕಾಗೋದಲ್ಲಿ ಹುಟ್ಟಿದ ಈ ಆಟದಲ್ಲಿ ಚೆಂಡು ಬೇಸ್‌ಬಾಲಿಗಿಂತ ದೊಡ್ಡದು, ಎಸೆತ ಕೈ ಕೆಳಗಿನಿಂದ. ನಿಧಾನ ಎಸೆತದ ಬಗೆಯಲ್ಲಿ ಗಂಡಸರು, ಹೆಂಗಸರು ಕೂಡಿ ಆಡುವುದೂ ಉಂಟು. ನಮ್ಮ ಕರಾವಳಿಗೆ ಅಂಡರ್‌ಆರ್ಮ್ ಕ್ರಿಕೆಟ್ ಹೊಸತೇನಲ್ಲ. ಆ ಎಸೆತವಾದರೆ ಸೊಂಟ ನೋವಿನವರೂ ಬ್ಯಾಟು ಹಿಡಿಯಬಹುದು.

ಇದು ಬರೀ ವಿನೋದದ ಮಾತೇ? ಅನೇಕ ಮನೆಗಳ ಮಕ್ಕಳು ಬೆಂಗಳೂರು ಸೇರಿದ್ದಾರೆ. ತೋಟದಲ್ಲಿ ಉಳಿದವರು ಒಂಟಿ. ನೆರೆಕರೆಯವರು ಒಟ್ಟಾಗಲು ಮದುವೆಯೋ ಮಹಾಸಭೆಯೋ ಬರಬೇಕು. ವಾರಕ್ಕೊಮ್ಮೆ ಕಲೆತರೆ, ಮಳೆ ಹಿಡಿಯುವ ಮೊದಲು ಬೋರ್ಡೋ ದ್ರಾವಣ ಬಿಡಲು ಕೊನೆಗಾರನನ್ನು ಸರದಿಯಂತೆ ಗೊತ್ತುಮಾಡುವ ಮಾತು ಮೈದಾನದ ಅಂಚಿನಲ್ಲೇ ಮುಗಿದೀತು.

ಆರು ಊರಿನವರು ಮುಂದೆ ಬರಲಿ. ಶಾಲೆಯ ಮೈದಾನ ಕೇಳೋಣ. ನಗದು ಬಹುಮಾನ ಬೇಡ, ಬಾಡಿಗೆ ಆಟಗಾರರೂ ಬೇಡ. ಮಾರ್ಚ್ ತಿಂಗಳಲ್ಲೇ ಶುರುವಾಗಲಿ.